ಕೀಮೋ ಮುಗಿದ ಮೇಲೆ ಶುರುವಾದ ದೂರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಆಕೆಗೆ 46 ವರ್ಷ, ಶಾಲಾ ಶಿಕ್ಷಕಿ. ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ, ಆಮೇಲೆ ಕೀಮೋ. ಕೊನೆಯ ಕೀಮೋ ಮುಗಿದು ನಾಲ್ಕು ತಿಂಗಳಾದ ಮೇಲೆ ಗಂಡ ಆಪ್ತಸಲಹೆಗೆಂದು ನನ್ನ ಬಳಿ ಕರೆದುಕೊಂಡು ಬಂದರು. ದೂರೂ ಅವರದೇ. "ರಿಪೋರ್ಟ್ ಎಲ್ಲ ಚೆನ್ನಾಗಿದೆ ಅಂತ ಡಾಕ್ಟರೇ ಹೇಳಿದ್ದಾರೆ. ಇವಳು ಮಾತ್ರ ಮೊದಲಿನ ಹಾಗೆ ಆಗ್ತಾನೇ ಇಲ್ಲ. ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ, ಸ್ವಲ್ಪ ಧೈರ್ಯ ಹೇಳಿ."

ಧೈರ್ಯ ಹೇಳಲು ನಾನು ಅವಸರ ಮಾಡುವುದಿಲ್ಲ. ಧೈರ್ಯ ಹೇಳಿಸಿಕೊಂಡವರು ಮರುದಿನದಿಂದ ನೋವನ್ನೇ ಹೇಳುವುದಿಲ್ಲ.

ಒಬ್ಬರೇ ಕೂತಾಗ ಆಕೆ ಮಾತಾಡಿದರು. ಬೆರಳ ತುದಿಗಳು ಜೋಮು ಹಿಡಿದಂತಿವೆ, ಗುಂಡಿ ಹಾಕಲು ಬರುವುದಿಲ್ಲ. ಕಾಲಿನಿಂದ ಚಪ್ಪಲಿ ಜಾರಿದರೂ ಗೊತ್ತಾಗುವುದಿಲ್ಲ. ಎಷ್ಟು ನಿದ್ದೆ ಮಾಡಿದರೂ ಏಳುವಾಗಲೇ ಸುಸ್ತು. ದಿನಾ ನೋಡುವವರ ಹೆಸರೂ ಬಾಯಿಗೆ ಬರುವುದಿಲ್ಲ. ಯಾಕೆ ಯಾರಿಗೂ ಹೇಳಲಿಲ್ಲ ಎಂದೆ. "ಜೀವ ಉಳಿಸಿದ್ದಾರಲ್ಲ, ಇನ್ನೂ ಗೊಣಗಿದರೆ ಏನು ಚೆಂದ?"

ಖಿನ್ನತೆ ಇದೆಯೇ ಎಂದು ಮೊದಲು ವಿಚಾರಿಸಿದೆ. ಓದು, ಹರಟೆ, ನಗು ಎಲ್ಲದರಲ್ಲೂ ಆಸೆ ಉಳಿದಿತ್ತು, ಮೈ ಮಾತ್ರ ಒಪ್ಪುತ್ತಿರಲಿಲ್ಲ. ಬದುಕೇ ಬೇಡ ಎನ್ನಿಸಿದ್ದರೆ ಅಂದೇ ಮನೋವೈದ್ಯರ ಬಳಿ ಕಳಿಸುತ್ತಿದ್ದೆ.

ಹಾಗಾಗಿ ಗಂಡನನ್ನೂ ಕೂರಿಸಿಕೊಂಡು ಆಯಾಸದಿಂದಲೇ ಶುರುಮಾಡಿದೆ. ಇದು ದುಡಿದು ಬರುವ ದಣಿವಲ್ಲ, ಮಲಗಿದರೆ ಹೋಗುವುದಿಲ್ಲ. ಕೀಮೋ ಮುಗಿದು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಕ್ಕೂ ಮಿಕ್ಕಿ ಇರುತ್ತದೆ. "ಚೆನ್ನಾಗಿ ರೆಸ್ಟ್ ತಗೋ" ಎಂಬ ಮನೆಯವರ ಮಾತು ಪ್ರೀತಿಯದೇ, ಆದರೆ ಹಾಸಿಗೆ ಹಿಡಿದಷ್ಟೂ ಸ್ನಾಯು ಸೊರಗಿ ಸುಸ್ತು ಹೆಚ್ಚುತ್ತದೆ. ದಿನಾ ಹತ್ತು ನಿಮಿಷ ನಡೆಯಿರಿ, ಮೈ ಒಪ್ಪಿದಂತೆ ಹೆಚ್ಚಿಸಿ ಎಂದೆ. ಚೆನ್ನಾಗಿರುವ ದಿನ ಬಾಕಿ ಕೆಲಸವನ್ನೆಲ್ಲ ಮುಗಿಸಲು ಹೋಗಿ ಮರುದಿನ ಬಿದ್ದುಕೊಳ್ಳುವುದು ಆಕೆಯ ಅಭ್ಯಾಸವಾಗಿತ್ತು, ಅದನ್ನು ನಿಲ್ಲಿಸಿದೆವು. ಜೊತೆಗೆ ರಕ್ತಹೀನತೆ, ಥೈರಾಯ್ಡ್ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಲು ಚೀಟಿಯಲ್ಲಿ ಬರೆದುಕೊಟ್ಟೆ. ಎಲ್ಲ ಸುಸ್ತನ್ನೂ ಕೀಮೋ ತಲೆಗೇ ಕಟ್ಟಬಾರದು.

ಜೋಮಿನ ವಿಷಯದಲ್ಲಿ ನನಗೆ ಬೇಸರವಾಯಿತು. ಅದು ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧ ಕೊಡುವಾಗಲೇ ಶುರುವಾಗಿತ್ತಂತೆ. ಆ ಔಷಧ ನರಗಳಿಗೆ ಪೆಟ್ಟು ಕೊಡುವುದು ವೈದ್ಯರಿಗೆ ಗೊತ್ತೇ ಇರುತ್ತದೆ. ಹೇಳಿದ್ದರೆ ಡೋಸ್ ಇಳಿಸುವ, ಮುಂದೂಡುವ ಯೋಚನೆಯನ್ನಾದರೂ ಮಾಡಬಹುದಿತ್ತು. ಈಗಲೂ ಹೇಳಲೇಬೇಕು. ಉರಿ, ನೋವು ಇದ್ದರೆ ಅದಕ್ಕೆ ಮಾತ್ರೆಗಳಿವೆ. ಅಲ್ಲಿಯವರೆಗೆ ಸ್ನಾನದ ನೀರಿನ ಬಿಸಿಯನ್ನು ಬೆರಳಿನಿಂದಲ್ಲ, ಮೊಣಕೈಯಿಂದ ನೋಡಿ. ಹಿಂಬದಿ ಪಟ್ಟಿ ಇರುವ ಚಪ್ಪಲಿ ಹಾಕಿ. ರಾತ್ರಿ ಮಲಗುವ ಮುನ್ನ ಪಾದದಲ್ಲಿ ಗಾಯವಾಗಿದೆಯೇ ಎಂದು ಕಣ್ಣಿನಿಂದ ನೋಡಿ.

ಇನ್ನೂ ಕೀಮೋ ನಡೆಯುತ್ತಿರುವವರಿಗೂ ಇಲ್ಲೇ ಒಂದು ಮಾತು. ಸಹಿಸಿಕೊಂಡು ಕೂರಲೇಬಾರದ್ದು ಜ್ವರ. 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಮುಟ್ಟಿದರೆ ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಫೋನ್ ಮಾಡಬೇಕು. ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣ ಕೀಮೋದಿಂದ ಕುಸಿದಿರುವಾಗ ಸೋಂಕು ಗಂಟೆಗಳಲ್ಲಿ ಜೀವಕ್ಕೆ ಎರವಾಗಬಹುದು. ಪ್ಯಾರಾಸಿಟಮಾಲ್ ನುಂಗಿ ಬೆಳಗಿನವರೆಗೆ ಕಾಯಬೇಡಿ. ವಾಂತಿ ಮಾತ್ರೆಯೂ ಹಾಗೆಯೇ, ವಾಂತಿ ಬರಲಿ ನೋಡೋಣ ಎಂದು ಕಾಯದೆ ಹೇಳಿದ ಹೊತ್ತಿಗೆ ತೆಗೆದುಕೊಳ್ಳಬೇಕು.

ಆಸ್ಪತ್ರೆ ಬಾಗಿಲಲ್ಲೇ ಈಗಲೂ ಹೊಟ್ಟೆ ತೊಳಸುತ್ತದೆ ಎಂದು ಆಕೆ ನಾಚಿಕೊಂಡು ಹೇಳಿದರು. ವಾಸನೆಗೂ ವಾಂತಿಗೂ ಮೆದುಳು ಗಂಟು ಹಾಕಿಬಿಟ್ಟಿದೆ, ಅಷ್ಟೇ. ಒಳಗೆ ಹೋಗುವ ಮುನ್ನ ಕೂತು ನಿಧಾನವಾಗಿ ಉಸಿರು ಬಿಡುವುದನ್ನು ಅಭ್ಯಾಸ ಮಾಡಿಸಿದೆ.

ಕೊನೆಗೆ ಬಾಯಿಬಿಟ್ಟದ್ದು ಭಯವನ್ನು. ದಿನಕ್ಕೆ ಹಲವು ಸಲ ಎದೆ, ಕಂಕುಳು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಭಯಪಡಬೇಡಿ ಎನ್ನಲಿಲ್ಲ, ಮರುಕಳಿಸುವ ಸಾಧ್ಯತೆ ಸುಳ್ಳಲ್ಲವಲ್ಲ. ಯಾವ ಲಕ್ಷಣ ಕಂಡರೆ ಫೋನ್ ಮಾಡಬೇಕೆಂದು ವೈದ್ಯರಿಂದಲೇ ಬರೆಸಿಕೊಳ್ಳಿ, ಮುಟ್ಟಿ ನೋಡುವುದನ್ನು ತಿಂಗಳಿಗೆ ಒಂದು ದಿನಕ್ಕೆ ಇಳಿಸಿ ಎಂದೆ.

ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕಡಿಮೆ ಬಂತು, ಚಿಕಿತ್ಸೆ ನಡೆದಿದೆ. ಶಾಲೆಗೆ ಅರ್ಧ ದಿನ ಹೋಗುತ್ತಿದ್ದಾರೆ. ಕೈ ಜೋಮು ಸ್ವಲ್ಪ ಇಳಿದಿದೆ, ಕಾಲಿನದು ಹಾಗೇ ಇದೆ. "ಹುಷಾರಾ?" ಎಂದು ಕೇಳುತ್ತಿದ್ದ ಗಂಡ ಈಗ "ಇವತ್ತು ಯಾವ ಕೆಲಸ ನನಗೆ?" ಎನ್ನುತ್ತಾರಂತೆ. ಚಿಕಿತ್ಸೆ ಶುರುವಾದಾಗಿನಿಂದ ತನಗೂ ಸರಿಯಾಗಿ ನಿದ್ದೆಯಿಲ್ಲ ಎಂದು ಮೊನ್ನೆ ಹೇಳಿದರು. ಅವರಿಗೆ ಬೇರೆಯೇ ಸಮಯ ಕೊಟ್ಟಿದ್ದೇನೆ.