ಪತ್ರಾ ಶೆಡ್ಡು ಯಾಕೆ ಅಂತ ಕೇಳಿದಿರಲ್ಲ

ಮೇಡಂ, ಮೊನ್ನೆ ನೀವು ಕೇಳಿದ್ದಕ್ಕೆ ಬಾಗಿಲಲ್ಲಿ ನಿಂತು ಉತ್ತರ ಕೊಡೋಕೆ ಆಗಲಿಲ್ಲ. ಹಾಸನದಿಂದ ನೀವು ಇಲ್ಲಿಗೆ ಬಂದು ಮೂರು ತಿಂಗಳಾಯ್ತು. ಬಸವಕಲ್ಯಾಣದ ಬಿಸಿಲಿಗೆ, ನಮ್ಮ "ಅದ, ಇದ" ಕನ್ನಡಕ್ಕೆ, ಅರ್ಧ ಮರಾಠಿಯ ಬೈಗುಳಕ್ಕೆ ಒಗ್ಗಿಕೊಂಡಿದ್ದೀರಿ. "ಇಷ್ಟು ಗಟ್ಟಿ ಕಲ್ಲಿನ ಮನೆ ಇದೆ, ನಿಮ್ಮ ತಾಯಿ ಅಂಗಳದ ತಗಡಿನ ಶೆಡ್ಡಿನಲ್ಲಿ ಯಾಕೆ ಮಲಗ್ತಾರೆ? ಮನೇಲಿ ಏನಾದ್ರೂ ಜಗಳವಾ?" ಅಂತ ಮೆಲ್ಲಗೆ ಕೇಳಿದಿರಿ. ಜಗಳ ಹೌದು. ಸೊಸೆ ಜೊತೆಯಲ್ಲ, ಮಾಳಿಗೆ ಜೊತೆ. 1993ರ ಭೂಕಂಪದಿಂದ ನಡೀತಿದೆ.

ಮೊದಲು ನಮ್ಮ ಮನೆ ಎಂಥದ್ದು ಅಂತ ಹೇಳ್ತೀನಿ. ನಿಮ್ಮ ಕಡೆ ಹೆಂಚಿನ ಮನೆ, ಇಲ್ಲಿ ಮಾಳಿಗೆ ಮನೆ. ಗೋಡೆ ಎರಡರಿಂದ ಮೂರು ಅಡಿ ದಪ್ಪ. ಹೊರಗೊಂದು ಪದರ ಕಲ್ಲು, ಒಳಗೊಂದು ಪದರ ಕಲ್ಲು, ನಡುವೆ ಮಣ್ಣು ಮತ್ತು ಸಣ್ಣ ಕಲ್ಲಿನ ಚೂರು. ಮೇಲೆ ತೊಲೆ, ಜಂತಿ, ಹಲಗೆ. ಅದರ ಮೇಲೆ ಮಣ್ಣು. ಸೋರದಿರಲಿ ಅಂತ ಪ್ರತಿ ಮಳೆಗಾಲದ ಮುಂಚೆ ಇನ್ನೊಂದಿಷ್ಟು ಮಣ್ಣು ಹಾಕಿ ಬಡಿಯುತ್ತಿದ್ದರು. ಅಪ್ಪ ಹಾಕಿದ ಮಣ್ಣಿನ ಮೇಲೆ ಮಗ ಹಾಕಿದ, ಅದರ ಮೇಲೆ ಮೊಮ್ಮಗ. ಹೀಗಾಗಿ ಹಳೆಯ ಮನೆತನ ಅಂದರೆ ತಲೆಯ ಮೇಲೆ ಜಾಸ್ತಿ ಭಾರ. ಏಪ್ರಿಲ್‌ನಲ್ಲಿ ಒಳಗೆ ಎಷ್ಟು ತಂಪು ಅಂತ ನೀವೇ ನೋಡ್ತೀರಿ. ಕಳ್ಳರಿಗೆ ಗೋಡೆ ಒಡೆಯೋಕೆ ಆಗೋದಿಲ್ಲ. ಹೆಣ್ಣು ಕೊಡುವವರು ಬಂದರೆ ಮೊದಲು ಗೋಡೆಯ ದಪ್ಪ ನೋಡುತ್ತಿದ್ದರು. ನಮ್ಮ ಸೋದರತ್ತೆಯನ್ನು ಕೊಟ್ಟದ್ದೂ ಹಾಗೇ, ಗೋಡೆ ನೋಡಿ.

ಅತ್ತೆಯ ಗಂಡನ ಊರು ಮಹಾರಾಷ್ಟ್ರದಲ್ಲಿ, ಸಾಸ್ತೂರ್ ಹತ್ತಿರದ ಒಂದು ಹಳ್ಳಿ. ಪರರಾಜ್ಯಕ್ಕೆ ಹೆಣ್ಣು ಕೊಟ್ಟೆವು ಅಂತ ನಮ್ಮಲ್ಲಿ ಯಾರಿಗೂ ಅನಿಸಿರಲಿಲ್ಲ. 1956ರ ತನಕ ಎಲ್ಲಾ ಒಂದೇ ಹೈದರಾಬಾದ್ ರಾಜ್ಯ. ನಿಲಂಗಾ, ಉದಗೀರ್ ನಮ್ಮ ಬೀದರ್ ಜಿಲ್ಲೆಯಲ್ಲೇ ಇದ್ದವು. ನಮ್ಮ ಮುತ್ಯಾ, ಅಂದರೆ ಅಜ್ಜ, ಸಾಯುವ ತನಕ ನಿಲಂಗಾವನ್ನು "ನಮ್ಮ ಜಿಲ್ಲಾ" ಅಂತಲೇ ಅನ್ನುತ್ತಿದ್ದರು. ಗಡಿ ಅಂದರೆ ನಮಗೆ ಬಸ್ಸಿನ ಬಣ್ಣ ಬದಲಾಗುವ ಜಾಗ, ಅಷ್ಟೇ.

ಆಗ ನನಗೆ ಹನ್ನೊಂದು ವರ್ಷ. ಸೆಪ್ಟೆಂಬರ್ 29 ಅನಂತ ಚತುರ್ದಶಿ, ಗಣಪತಿ ಕಳಿಸುವ ದಿನ. ಗುಲಾಲು ಮೆತ್ತಿಕೊಂಡು, ಕುಣಿದು, ಹೊತ್ತು ಮೀರಿ ಬಂದು ಮಲಗಿದ್ದೆವು. ಗಡಿಯ ಎರಡೂ ಕಡೆ ಅವತ್ತು ಎಲ್ಲರೂ ದಣಿದು ಮಲಗಿದವರೇ. ನಸುಕಿನ 3 ಗಂಟೆ 56 ನಿಮಿಷ. ಕಡಪಾ ಕಲ್ಲು ತುಂಬಿದ ಲಾರಿಯನ್ನು ಯಾರೋ ಅಂಗಳದಲ್ಲಿ ಸುರಿದ ಹಾಗೆ ಸದ್ದು. ಮಾಳಿಗೆ ಮಣ್ಣು ಮುಖದ ಮೇಲೆ ಉದುರಿತು. "ಹೊರಗ ನಡೀರಿ, ಮನಿ ನಡುಗಲತ್ತದ!" ಅಂತ ಅವ್ವ ಕೂಗಿ, ನನ್ನ ಕೈ ಅಂತ ತಿಳಿದು ದಿಂಬು ಹಿಡಿದು ಓಡಿದ್ದಳು. ಈಗಲೂ ಅದನ್ನು ಹೇಳಿ ನಗ್ತೀವಿ. ನಾನು ಹಿಂದೆಯೇ ಓಡಿದೆ, ಬಿಡಿ. ಬೆಳದಿಂಗಳಿತ್ತು. ಇಡೀ ಓಣಿ ಬೀದಿಯಲ್ಲಿ ನಿಂತಿತ್ತು. ಎಮ್ಮೆಗಳು ಕಣ್ಣಿ ಹರಿಯೋಕೆ ಒದ್ದಾಡುತ್ತಿದ್ದವು. ನಮ್ಮ ಅಡುಗೆಮನೆಯ ಗೋಡೆಯಲ್ಲಿ ಕೈ ಹೋಗುವಷ್ಟು ಬಿರುಕು. ನಮಗಾದ ನಷ್ಟ ಅಷ್ಟೇ.

ಸುದ್ದಿ ಬಂದದ್ದು ಲಾರಿಯವರಿಂದ. ನೀವು ಬಸ್ ಹಿಡಿಯುವ ಸಸ್ತಾಪುರ ಬಂಗ್ಲಾ ಇದೆಯಲ್ಲ, ಆ ಹೆದ್ದಾರಿಯಲ್ಲೇ. ಈ ಊರಿನಲ್ಲಿ ಮನೆಗೊಬ್ಬ ಲಾರಿ ಡ್ರೈವರ್ ಇದ್ದಾನೆ ಅಂದರೆ ತಪ್ಪಾಗದು. ನಮ್ಮ ಕಾಕಾ ಕೂಡ ಅದೇ ಕೆಲಸ. ಬೆಳಿಗ್ಗೆ ಸೊಲ್ಲಾಪುರದ ಕಡೆಯಿಂದ ಬಂದ ಒಬ್ಬ, ಉಮರ್ಗಾದಲ್ಲಿ ಆಸ್ಪತ್ರೆ ಮುಂದೆ ಜನರನ್ನು ನೆಲದ ಮೇಲೆ ಮಲಗಿಸಿದ್ದಾರೆ ಅಂದ. ಇನ್ನೊಬ್ಬ, ಲಾತೂರ್ ಜಿಲ್ಲೆಯ ಕಿಲ್ಲಾರಿ ಊರೇ ಇಲ್ಲ ಅಂದ. ಊರು ಇಲ್ಲ ಅಂದರೇನು ಅಂತ ನನಗೆ ತಿಳಿಯಲಿಲ್ಲ. ಕಾಕಾ ಲಾರಿ ತೆಗೆದರು. ಓಣಿಯ ಹೆಂಗಸರು ರೊಟ್ಟಿ, ಶೇಂಗಾ ಹಿಂಡಿ ಗಂಟು ಕಟ್ಟಿ ಕೊಟ್ಟರು. ಯಾರೂ ಯಾರಿಗೂ ಮಾಡಿ ಅಂತ ಹೇಳಿರಲಿಲ್ಲ.

ಸತ್ತವರು ಹತ್ತಿರ ಹತ್ತಿರ 10 ಸಾವಿರ. ಭೂಕಂಪದ ತೀವ್ರತೆ 6.2ರ ಆಸುಪಾಸು. ಜಗತ್ತಿನಲ್ಲಿ ಇದಕ್ಕಿಂತ ದೊಡ್ಡವು ಎಷ್ಟೋ ಆಗಿವೆ, ಅಷ್ಟು ಜನ ಸತ್ತಿಲ್ಲ. ಇಲ್ಲಿ ಕೊಂದದ್ದು ಗೋಡೆ ಮತ್ತು ಮಾಳಿಗೆ. ಎರಡು ಪದರದ ಕಲ್ಲನ್ನು ಒಂದಕ್ಕೊಂದು ಹಿಡಿದಿಡುವ ಉದ್ದ ಕಲ್ಲು ಗೋಡೆಯಲ್ಲಿರಲಿಲ್ಲ. ನೆಲ ಅಲುಗಿದ ಕೂಡಲೇ ಗೋಡೆ ಸೀಳಿ ಕಲ್ಲು ಉರುಳಿತು, ತಲೆತಲಾಂತರದ ಮಣ್ಣು ಮೇಲೆ ಬಿತ್ತು. ಊರಾಚೆ ಗುಡಿಸಲಲ್ಲಿದ್ದ ಬಡವರು ಎಷ್ಟೋ ಮಂದಿ ಬದುಕಿದರು. ವಾಡೆಯವರು, ಗೌಡರು ಮನೆಮಂದಿಯೆಲ್ಲಾ ಹೋದರು. ಅವತ್ತಿನಿಂದ ನಮ್ಮಲ್ಲಿ ಹೆಣ್ಣು ಕೊಡುವವರು ಗೋಡೆಯ ದಪ್ಪ ಕೇಳೋದು ಬಿಟ್ಟರು.

ಇನ್ನು ಅತ್ತೆಯ ವಿಷಯ. ಮಾಮಾ ಹೊಲದಲ್ಲಿದ್ದರು, ಉದ್ದಿನ ರಾಶಿ ಕಾಯೋಕೆ. ಅತ್ತೆ ನಸುಕಿನಲ್ಲಿ ಬಯಲಿಗೆ ಹೋಗಿದ್ದಳು. ಮನೆಯಲ್ಲಿ ಪಾಯಖಾನೆ ಇರಲಿಲ್ಲ. ಇಲ್ಲದ್ದರಿಂದಲೇ ಉಳಿದಳು. ಒಳಗೆ ಅವಳ ಅತ್ತೆ, ಎಂಟು ವರ್ಷದ ಮಗ, ಐದು ವರ್ಷದ ಮಗಳು. ಮಗನನ್ನು ಮಧ್ಯಾಹ್ನ ಕಾಲು ಮುರಿದ ಸ್ಥಿತಿಯಲ್ಲಿ ಹೊರಗೆ ತೆಗೆದರು. ಉಳಿದಿಬ್ಬರು ಮರುದಿನ ಸಿಕ್ಕರು.

ಅತ್ತೆ ಆ ಊರಿಗೆ ಹೋಗಿ ಹತ್ತು ವರ್ಷವಾಗಿತ್ತು. ಬಾವಿಕಟ್ಟೆಯಲ್ಲಿ, ಸಂತೆಯಲ್ಲಿ ಚೆಂದ ಮರಾಠಿ ಮಾತಾಡುತ್ತಿದ್ದಳು. ಆದರೆ ಅವತ್ತು ಅವಳ ಬಾಯಿಂದ ಕನ್ನಡ ಬಿಟ್ಟು ಬೇರೇನೂ ಬರಲಿಲ್ಲ. "ಕೂಸು ಒಳಗ ಅದ, ಕೂಸಿಗಿ ಹೊರಗ ತಗೀರಿ" ಅಂತ ಅದೇ ಅದೇ ಹೇಳುತ್ತಿದ್ದಳು. ದೂರದ ಊರಿಂದ ಬಂದ ಸ್ವಯಂಸೇವಕರು ಮರಾಠಿಯಲ್ಲಿ, ಹಿಂದಿಯಲ್ಲಿ ಕೇಳಿದರು. ಇವಳು ಕನ್ನಡದಲ್ಲೇ ಉತ್ತರ ಕೊಟ್ಟಳು. ಆಘಾತದಿಂದ ಹೆಂಗಸಿಗೆ ಬುದ್ಧಿ ತಪ್ಪಿದೆ, ಏನೇನೋ ಒದರುತ್ತಿದ್ದಾಳೆ ಅಂತ ಅವರು ಚೀಟಿಯಲ್ಲಿ ಬರೆದುಕೊಂಡರಂತೆ. ಕಾಕಾ ರೊಟ್ಟಿ ಗಂಟು ಹಿಡಿದು ಅಲ್ಲಿಗೆ ತಲುಪಿದ್ದು ಸಂಜೆಗೆ. ಅವಳ ಎದುರು ಕುಕ್ಕರುಗಾಲಲ್ಲಿ ಕೂತು "ಎಲ್ಲಿ ಮಲಗಿತ್ತವ್ವ ಕೂಸು, ಯಾವ ಮೂಲ್ಯಾಗ?" ಅಂತ ಕೇಳಿದರು. ಅವಳು ಕೈ ತೋರಿಸಿದಳು. ಮರುದಿನ ಅಲ್ಲೇ ಅಗೆದರು, ಅಲ್ಲೇ ಸಿಕ್ಕಿತು. ಗಡಿನಾಡಿನಲ್ಲಿ ಎರಡು ಭಾಷೆ ಬರುವುದು ಎಷ್ಟು ಅನುಕೂಲ ಅಂತ ನೀವು ಒಮ್ಮೆ ಹೇಳಿದಾಗ ನಾನು ಸುಮ್ಮನೆ ತಲೆಯಾಡಿಸಿದ್ದೆ. ನನಗೆ ನೆನಪಾಗಿದ್ದು ಆ ಚೀಟಿ.

ನಾವು ಲಿಂಗಾಯತರು, ಹೆಣ ಹೂಳುವವರು. ಕೂಡಿಸಿ, ವಿಭೂತಿ ಹಚ್ಚಿ, ಕೈಯಲ್ಲಿ ಲಿಂಗ ಇಟ್ಟು ಮಣ್ಣು ಕೊಡ್ತೀವಿ. ಅಲ್ಲಿ ಅದಕ್ಕೆಲ್ಲಾ ಹೊತ್ತಿರಲಿಲ್ಲ. ಮಳೆ ಬೇರೆ ಹಿಡಿಯಿತು. ಬಿದ್ದ ಮನೆಗಳ ತೊಲೆ, ಜಂತಿಗಳನ್ನೇ ಒಟ್ಟಿ ಎಲ್ಲ ಜಾತಿಯವರನ್ನೂ ಒಟ್ಟಿಗೆ ಸುಟ್ಟರು. ಅತ್ತೆಗೆ ಇವತ್ತಿಗೂ ಇರುವ ನೋವು ಅದು. ಮಗಳು ಹೋದದ್ದಕ್ಕೆ ಅವಳು ದೇವರನ್ನು ಒಂದು ಮಟ್ಟಿಗೆ ಕ್ಷಮಿಸಿದ್ದಾಳೆ. ಸುಟ್ಟದ್ದಕ್ಕೆ ಯಾರನ್ನೂ ಕ್ಷಮಿಸಿಲ್ಲ. ಸುಡದೆ ಬೇರೆ ದಾರಿ ಇರಲಿಲ್ಲ ಅಂತ ಅವಳಿಗೂ ಗೊತ್ತು.

ನಾಚಿಕೆಯ ಮಾತೊಂದಿದೆ, ಹೇಳದೆ ಬಿಡಬಾರದು. ಸಹಾಯ ಮಾಡೋಕೆ ಹೋದವರಷ್ಟೇ ಜನ ನೋಡೋಕೆ ಹೋದರು. ಟ್ರ್ಯಾಕ್ಟರ್, ಜೀಪು ಮಾಡಿಕೊಂಡು, ಬುತ್ತಿ ಕಟ್ಟಿಕೊಂಡು. ರಸ್ತೆ ಜಾಮ್ ಆಗಿ ಮಿಲಿಟರಿ ಗಾಡಿ, ಆಂಬುಲೆನ್ಸ್ ಸಿಕ್ಕಿಹಾಕಿಕೊಂಡವು. ನಮ್ಮ ಓಣಿಯಿಂದಲೂ ಹೋದರು. ನಾನೂ ಬರ್ತೀನಿ ಅಂತ ಹಟ ಮಾಡಿ ಅವ್ವನ ಕೈಲಿ ಏಟು ತಿಂದೆ. ಕೆಲವು ತಿಂಗಳಾದ ಮೇಲೆ ನಮ್ಮ ಕಡೆಯ ಕಟ್ಟಿಗೆ ಅಡ್ಡೆಗಳಿಗೆ ಕೆತ್ತನೆಯ ತೇಗದ ಕಂಬ, ಬಾಗಿಲ ಚೌಕಟ್ಟು ಅಗ್ಗಕ್ಕೆ ಬರತೊಡಗಿದವು. ಎಲ್ಲಿಂದ ಅಂತ ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ನಮ್ಮ ಓಣಿಯಲ್ಲಿ ಒಂದು ಮನೆಗೆ ಅಂಥ ಚೌಕಟ್ಟು ಬಂತು. ಸೊಗಸಾದ ಬಳ್ಳಿ, ಗಿಳಿ ಕೆತ್ತಿದ್ದರು. ಹೊಸ್ತಿಲಿನಲ್ಲಿ ಯಾರದೋ ಮನೆಯ ಅರಿಶಿನ ಇನ್ನೂ ಅಂಟಿಕೊಂಡಿತ್ತು. ಅವ್ವ ಇಪ್ಪತ್ತು ವರ್ಷ ಆ ಮನೆಯ ಮದುವೆ ಮುಂಜಿಗೆ ಹೋದರೂ ಅಂಗಳದಲ್ಲೇ ಕೂತು ಬಂದಳು. ಆ ಬಾಗಿಲು ದಾಟಲಿಲ್ಲ.

ಅತ್ತೆ, ಮಾಮಾ, ಮಗ ಆರು ತಿಂಗಳು ನಮ್ಮಲ್ಲಿದ್ದರು. ನಮ್ಮ ಅಡುಗೆಮನೆ ಬಿರುಕಿಗೆ ಈಚೆಯ ಒಂದು ಕಚೇರಿಯಲ್ಲಿ ಅರ್ಜಿ ಕೊಟ್ಟರೆ, ಭೂಕಂಪ ಆದದ್ದು ಮಹಾರಾಷ್ಟ್ರದಲ್ಲಿ ಅಂದರು. ಅತ್ತೆಯ ಪರಿಹಾರ ಕೇಳೋಕೆ ಆಚೆ ಕಚೇರಿಗೆ ಹೋದರೆ, ನೀವು ಕರ್ನಾಟಕದಲ್ಲಿ ಇದ್ದೀರಲ್ಲ ಅಂದರು. ನೆಲ ನಡುಗಿದಾಗ ಇಲ್ಲದ ಗಡಿ ಕಾಗದದಲ್ಲಿ ಎದ್ದು ನಿಂತಿತ್ತು. ಹೆಸರು ಸೇರಿಸೋಕೆ ಮಾಮಾ ಆ ಆರು ತಿಂಗಳಲ್ಲಿ ಹದಿನಾಲ್ಕು ಸಲ ಓಡಾಡಿದರು. ಸೇರಿತು, ಅದು ಬೇರೆ ಮಾತು.

ಮಹಾರಾಷ್ಟ್ರ ಸರ್ಕಾರ ಕೆಲಸ ಮಾಡಲಿಲ್ಲ ಅಂತ ನಾನು ಹೇಳಲಾರೆ. ವಿಶ್ವಬ್ಯಾಂಕಿನ ಸಾಲ ತಂದು 52 ಹಳ್ಳಿಗಳನ್ನು ಹೊಸ ಜಾಗದಲ್ಲಿ ಕಟ್ಟಿಕೊಟ್ಟಿತು. ಭೂಮಿ ಇಲ್ಲದವರಿಗೆ 250 ಚದರ ಅಡಿ ಮನೆ, ಮಧ್ಯದವರಿಗೆ 400, ದೊಡ್ಡ ಹಿಡುವಳಿಯವರಿಗೆ 750. ಅತ್ತೆಗೆ 400ರದ್ದು ಸಿಕ್ಕಿತು. ಪುಣೆಯಲ್ಲಿ ಭಾರತೀಯ ಜೈನ್ ಸಂಘಟನೆಯವರು 1200ರಷ್ಟು ಮಕ್ಕಳನ್ನು ಇಟ್ಟುಕೊಂಡು ಓದಿಸಿದರು. ಮಕ್ಕಳನ್ನು ಕಳೆದುಕೊಂಡ ತಾಯಂದಿರಲ್ಲಿ ಮುಂಚೆಯೇ ಆಪರೇಷನ್ ಮಾಡಿಸಿಕೊಂಡವರಿದ್ದರಲ್ಲ, ಅದನ್ನು ಬಿಚ್ಚಿಸುವ ವ್ಯವಸ್ಥೆಯನ್ನೂ ಸರ್ಕಾರ ಮಾಡಿತು. ಅತ್ತೆಯೂ ಮಾಡಿಸಿಕೊಂಡಳು. ಅವಳಿಗೆ ಫಲಿಸಲಿಲ್ಲ. ಅಲ್ಲಿನ ಹೆಂಗಸರು ಮನೆ ಕಟ್ಟುವ ಕೆಲಸ ಕಲಿತು, ಊರೂರು ತಿರುಗಿ ಹೇಳಿಕೊಟ್ಟರು. 2001ರಲ್ಲಿ ಕಚ್‌ನಲ್ಲಿ ಭೂಕಂಪವಾದಾಗ ಲಾತೂರ್ ಕಡೆಯ ಹೆಂಗಸರು ಅಲ್ಲಿಗೂ ಹೋದರು. ಹೊಲ, ಅಡುಗೆಮನೆ ಬಿಟ್ಟು ಬೇರೆ ಕಾಣದವರು ಗುಜರಾತಿನ ಹೆಂಗಸರ ಪಕ್ಕ ಕೂತು "ನಮಗೂ ಹೀಗೇ ಆಗಿತ್ತು" ಅಂದದ್ದು ನನಗೆ ಈ ಇಡೀ ಕತೆಯಲ್ಲಿ ದೊಡ್ಡದಾಗಿ ಕಾಣುತ್ತದೆ.

ಹೊಸ ಊರುಗಳು ಪಟ್ಟಣದ ಬಡಾವಣೆಯಂತೆ ನೇರ ರಸ್ತೆ, ಸಾಲು ಮನೆ. ಹೊಲ ದೂರವಾಯಿತು. ಹಿತ್ತಲಿಗೆ ಹಿತ್ತಲು ಅಂಟಿದ್ದ ಹಳೆಯ ಓಣಿ ಹೋಯಿತು. ಇನ್ನೊಂದು ತಮಾಷೆ ಕೇಳಿ. ಸಿಮೆಂಟಿನ ಹೊಸ ಮನೆಯಲ್ಲಿ ಜನ ಜೋಳದ ಚೀಲ ಇಟ್ಟರು, ತಾವು ಮುಂದೆ ಪತ್ರಾ ಶೆಡ್ಡು ಹಾಕಿಕೊಂಡು ಮಲಗಿದರು. ಭೂಕಂಪಕ್ಕೆ ತಡೆಯುವ ಮನೆ ಅಂತ ಇಂಜಿನಿಯರುಗಳು ಎಷ್ಟು ಹೇಳಿದರೂ ಅಷ್ಟೇ. "ಪತ್ರಾ ಬಿದ್ರ ತಲಿ ಒಡಿತದ, ಜೀವ ಹೋಗಲ್ಲ" ಅಂತ ಅತ್ತೆ ಲೆಕ್ಕ ಹೇಳಿದಳು. ಆ ಲೆಕ್ಕವೇ ಗಡಿ ದಾಟಿ ನಮ್ಮ ಅಂಗಳಕ್ಕೂ ಬಂತು. ನಮ್ಮ ಶೆಡ್ಡಿನ ತಗಡು ಅತ್ತೆಯ ಊರಿನದೇ.

1993ಕ್ಕಿಂತ ಮುಂಚೆ ಭೂಕಂಪದ ನಕ್ಷೆಯಲ್ಲಿ ಆ ನೆಲ ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು. ದಖ್ಖನ್ನಿನ ಕಪ್ಪು ಬಂಡೆ, ಅಲುಗೋದಿಲ್ಲ ಅಂತ ಎಲ್ಲರೂ ನಂಬಿದ್ದರು. 1992ರಲ್ಲೇ ಕಿಲ್ಲಾರಿಯಲ್ಲಿ ಸಣ್ಣ ನಡುಕಗಳಾಗಿ ಜನ ಹೆದರಿದ್ದರು. ಆಮೇಲೆ ಹೈದರಾಬಾದಿನ ಭೂಭೌತ ಸಂಶೋಧನಾ ಸಂಸ್ಥೆ ಎನ್‌ಜಿಆರ್‌ಐನ ವಿಜ್ಞಾನಿಗಳು ಬಂದು ಆಳಕ್ಕೆ ಕೊರೆದು ನೋಡಿದರು. 2002ರಲ್ಲಿ ನಕ್ಷೆ ಬದಲಾಗಿ ಆ ವಲಯವನ್ನೇ ತೆಗೆದುಹಾಕಿದರು. ಇದನ್ನೆಲ್ಲಾ ನಾನು ಅವ್ವನಿಗೆ ಬಿಡಿಸಿ ಹೇಳಿದ್ದೇನೆ. ಹಾಗಾದರೆ ಮೊದಲ ನಕ್ಷೆ ಬರೆದವರು ಎಲ್ಲಿ ಮಲಗುತ್ತಿದ್ದರು ಅಂತ ಕೇಳಿದಳು.

ಶೆಡ್ಡಿನಲ್ಲಿ ಅವ್ವನ ತಲೆದೆಸೆಗೆ ಚೊಂಬು ಬೋರಲು ಹಾಕಿ ಅದರ ಮೇಲೆ ಸ್ಟೀಲ್ ಲೋಟ ಇಟ್ಟಿರೋದನ್ನು ನೀವು ನೋಡಿರಬಹುದು. ನೀರು ಕುಡಿಯೋಕಲ್ಲ. ನೆಲ ಅಲುಗಿದರೆ ಲೋಟ ಬಿದ್ದು ಸದ್ದಾಗಲಿ ಅಂತ. ಮೂವತ್ತು ವರ್ಷದಲ್ಲಿ ಅದು ಬಿದ್ದದ್ದೆಲ್ಲಾ ಬೆಕ್ಕಿನಿಂದ. 2021ರ ಅಕ್ಟೋಬರ್‌ನಲ್ಲಿ ಪಕ್ಕದ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲೂಕಿನ ಗಡಿಕೇಶ್ವರದಲ್ಲಿ ನೆಲದೊಳಗಿಂದ ಸದ್ದು ಬಂದು, ಮತ್ತೆ ಮತ್ತೆ ನಡುಗಿ, ಜನ ಊರು ಬಿಟ್ಟು ಹೋದರು. ಟಿವಿಯಲ್ಲಿ ಅದು ಬಂದ ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. ಅತ್ತೆ. ಈಗ ಅವಳ ಮನೆಯಲ್ಲಿ ಮೊಮ್ಮಕ್ಕಳು ಮರಾಠಿ ಬಿಟ್ಟು ಬೇರೆ ಆಡೋದಿಲ್ಲ, ಅವಳೂ ಅದರಲ್ಲೇ ಇದ್ದಾಳೆ. ಫೋನಿನಲ್ಲಿ ಮಾತ್ರ ಕನ್ನಡ.

"ನಿಮ್ಮವ್ವ ಎಲ್ಲಿ ಮಲಗ್ಯಾಳ?"

ಶೆಡ್ಡಿನಲ್ಲಿ ಅಂದೆ.

"ನೀನು?"

ಒಳಗೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ, "ಕೂಸುಗೋಳಿಗರ ಹೊರಗ ಮಲಗಸು" ಅಂದಳು. ಆ ರಾತ್ರಿ ನಾನು ಹೆಂಡತಿಯನ್ನು ಎಬ್ಬಿಸಿ, ಎರಡು ಹಾಸಿಗೆ ಹೊತ್ತುಕೊಂಡು ಹೊರಗೆ ಬಂದೆ. ಅವ್ವ ಏನೂ ಕೇಳಲಿಲ್ಲ. ಚೊಂಬು, ಲೋಟ ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು.