ಓದುಗರ ಪ್ರಶ್ನೆ: ನಿಂತು ನುಡಿಸುವ ಬ್ಯಾಸ್ ತಗೊಳ್ಳಲಾ?

ಪ್ರಶ್ನೆ: ಸರ್, ನಾನು ರಸಮಂಜರಿ ತಂಡದಲ್ಲಿ ಬ್ಯಾಸ್ ಗಿಟಾರ್ ನುಡಿಸುತ್ತೇನೆ. ನೀವು ನಿಂತು ನುಡಿಸುವ ಎಲೆಕ್ಟ್ರಿಕ್ ಅಪ್‌ರೈಟ್ ಬ್ಯಾಸ್ ತಂದಿದ್ದೀರಂತೆ. ಹೇಗಿದೆ? ಗಿಟಾರ್ ಕೈ ಇರುವವರಿಗೆ ಸುಲಭವಾ? ನಾನೂ ಒಂದು ತಗೊಳ್ಳಲಾ?
– ಹೆಸರು ಬೇಡ ಎಂದ ಓದುಗರು, ಮಂಡ್ಯ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ. ಬರೀ ರಸಮಂಜರಿಗಾದರೆ ಬೇಡ, ನಿಮ್ಮ ಗಿಟಾರೇ ಸಾಕು. ಕಿವಿಗೆ ಹೊಸದಾಗಿ ಕೆಲಸ ಕೊಡುವ ಆಸೆ ಇದ್ದರೆ ಖಂಡಿತ ತಗೊಳ್ಳಿ.

ತಂತಿಗಳು ನಿಮಗೆ ಗೊತ್ತಿರುವವೇ: ಇ, ಎ, ಡಿ, ಜಿ. ಪಿಟೀಲಿನ ಹಾಗೆ ಸ–ಪ ಅಲ್ಲ, ಒಂದರಿಂದ ಮುಂದಿನದಕ್ಕೆ ಸ–ಮ. ಹಾಗಾಗಿ ತಲೆಗೆ ಎಲ್ಲವೂ ಪರಿಚಯ, ಕೈಗೆ ಯಾವುದೂ ಅಲ್ಲ. ಬ್ಯಾಸ್ ಗಿಟಾರ್ ತಂತಿಯ ಉದ್ದ ಸಾಮಾನ್ಯವಾಗಿ 34 ಇಂಚು. ನನ್ನದು 41 ಇಂಚು ದಾಟುತ್ತದೆ. ಖಾಲಿ ತಂತಿಯಿಂದ ಮೊದಲ ಅರ್ಧ ಸ್ವರಕ್ಕೇ ಎರಡೂಕಾಲು ಇಂಚು ಹೋಗಬೇಕು. ಗಿಟಾರ್‌ನಲ್ಲಿ ಎರಡು ಇಂಚೂ ಇಲ್ಲ. ಒಂದು ಫ್ರೆಟ್‌ಗೆ (ಸ್ವರದ ಜಾಗ ತೋರುವ ಅಡ್ಡ ಪಟ್ಟಿಗೆ) ಒಂದು ಬೆರಳು ಎಂಬ ನಿಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಕೆಳಗಿನ ಸ್ವರಗಳಲ್ಲಿ ತೋರುಬೆರಳು, ನಡುಬೆರಳು, ಕಿರುಬೆರಳು ಅಷ್ಟೇ. ಉಂಗುರದ ಬೆರಳು ಕಿರುಬೆರಳಿಗೆ ಜೊತೆ ಕೊಡುತ್ತದೆ. ಅದರಲ್ಲೂ ಫ್ರೆಟ್ ಇಲ್ಲ. ಪಕ್ಕದಲ್ಲಿ ಚುಕ್ಕಿಗಳಿವೆ, ಆದರೆ ಅವನ್ನು ನೋಡಿಕೊಂಡು ನುಡಿಸಿದರೆ ಕಣ್ಣು ಕಲಿಯುತ್ತದೆ, ಕಿವಿ ಕಲಿಯುವುದಿಲ್ಲ.

ನಾನು ಮಾಡುವುದು ಇಷ್ಟು. ಫೋನಿನಲ್ಲಿ ತಂಬೂರಿ ಹಾಕಿ, ಶ್ರುತಿಯನ್ನು ‘ಎ’ಗೆ ಇಟ್ಟು, ಒಂದೊಂದೇ ಸ್ವರ ಎಳೆದು ನಿಲ್ಲಿಸುತ್ತೇನೆ. ನಮ್ಮ ಕಡೆ ಶ್ರುತಿ ಕೇಳಿಯೇ ಬೆಳೆದಿರುತ್ತೇವಲ್ವಾ, ಅಪಸ್ವರ ತಕ್ಷಣ ಗೊತ್ತಾಗುತ್ತದೆ. ಗೊತ್ತಾಗುವುದೇ ಕಷ್ಟ ಕೂಡ. ಫ್ರೆಟ್ ಇದ್ದಾಗ ಇಷ್ಟು ಸುಳ್ಳು ಹೇಳುತ್ತಿರಲಿಲ್ಲ ನನ್ನ ಬೆರಳು! ಆದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸಿದಾಗ ಬರುವ ಸುಖ ಇದೆಯಲ್ಲ, ಅದಕ್ಕೆ ಇಷ್ಟು ಪಾಡು ಪಡಬಹುದು.

ನೋಡಲು ಇದು ಡಬಲ್ ಬ್ಯಾಸಿನ (ಪಿಟೀಲಿನ ಆಕಾರದ, ಆಳೆತ್ತರದ ಮರದ ವಾದ್ಯ) ಬೆನ್ನುಮೂಳೆ ಮಾತ್ರ ಉಳಿಸಿಕೊಂಡ ಹಾಗಿದೆ. ಪೊಳ್ಳು ಒಡಲು ಇಲ್ಲ. ಅದರಿಂದ ಸಾಗಿಸುವುದು ಸುಲಭ, ನಿಲ್ಲಿಸಿಕೊಳ್ಳುವುದು ಕಷ್ಟ. ದೊಡ್ಡ ವಾದ್ಯದಲ್ಲಿ ಕತ್ತು ಒಡಲಿಗೆ ಸೇರುವ ಜಾಗ ಕೈಗೆ ತಾಗಿ, ಎಲ್ಲಿದ್ದೇನೆ ಎಂದು ಹೇಳುತ್ತದೆ. ನನ್ನದು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲುತ್ತದೆ, ಸ್ವಲ್ಪ ಒತ್ತಿದರೆ ಪಕ್ಕಕ್ಕೆ ತಿರುಗುತ್ತದೆ. ಯಮಾಹಾದ ಸೈಲೆಂಟ್ ಬ್ಯಾಸ್‌ಗೆ ಬಿಚ್ಚಿ ಹಾಕುವ ಚೌಕಟ್ಟು ಇದೆ, ಮೈಗೆ ಆನಿಸಿಕೊಳ್ಳಬಹುದು. ಕೊಳ್ಳುವ ಮೊದಲು ಎರಡನ್ನೂ ಹಿಡಿದು ನೋಡಿ.

ನಾದದ ಬಗ್ಗೆಯೂ ಒಂದು ಮಾತು. ಒಡಲು ಇಲ್ಲದ್ದರಿಂದ ಸ್ವರ ಬೇಗ ಸಾಯುವುದಿಲ್ಲ, ಉದ್ದಕ್ಕೆ ನಿಲ್ಲುತ್ತದೆ. ಹಳೇ ಮರದ ಆ ‘ಧುಮ್’ ಬೇಕಿದ್ದರೆ ಎಡಗೈ ಸಡಿಲಿಸಿ ನೀವೇ ನಿಲ್ಲಿಸಬೇಕು. ತಂತಿಗಳನ್ನು ಹೊರುವ ಸೇತುವೆಯಲ್ಲಿ (ಬ್ರಿಜ್) ಪಿಯೆಜೊ ಪಿಕಪ್ (ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಬಿಲ್ಲೆ) ಇದ್ದು ಒಳಗೆ ಪ್ರಿಯಾಂಪ್ (ಆ ಸಂಕೇತವನ್ನು ಆಂಪ್ಲಿಫೈಯರ್‌ಗೆ ಹದಗೊಳಿಸುವ ಸಾಧನ) ಇಲ್ಲದಿದ್ದರೆ, ಅದನ್ನು ನೇರ ಮಿಕ್ಸರ್‌ನ ಲೈನ್‌ಗೆ ಚುಚ್ಚಬೇಡಿ. ತಗಡು ಬಡಿದಂತೆ ಕೇಳುತ್ತದೆ. ನಡುವೆ ಒಂದು ಮೆಗಾಓಮ್ ಅಥವಾ ಅದಕ್ಕೂ ಜಾಸ್ತಿ ಇನ್‌ಪುಟ್ ಪ್ರತಿರೋಧ ಇರುವ ಪ್ರಿಯಾಂಪ್ ಇರಲಿ. ಆ ದುಡ್ಡನ್ನು ಮೊದಲೇ ಎತ್ತಿಡಿ.

ಇದು ಹೊಸ ಫ್ಯಾಶನ್ ಎಂದು ತಂಡದವರು ನಕ್ಕರೆ, ಆಂಪೆಗ್ ಕಂಪನಿಯ ಬೇಬಿ ಬ್ಯಾಸ್ 1962ರಲ್ಲೇ ಬಂದಿತ್ತು, ಸಾಲ್ಸಾ ಸಂಗೀತದವರು ಅದನ್ನು ಇನ್ನೂ ಬಿಟ್ಟಿಲ್ಲ ಎಂದು ಹೇಳಿ.

ಪ್ರಶ್ನೆ: ಬಾಡಿಗೆ ಮನೆಯಲ್ಲಿ ರಾತ್ರಿ ನುಡಿಸಬಹುದಾ?
– ಕಾಲೇಜು ವಿದ್ಯಾರ್ಥಿನಿ, ಸರಸ್ವತಿಪುರಂ

ಉತ್ತರ: ನುಡಿಸಬಹುದಮ್ಮ, ನಾನು ಮಾಡುವುದೂ ಅದನ್ನೇ. ಹೆಡ್‌ಫೋನ್ ಹಾಕಿಕೊಂಡರೆ ಪಕ್ಕದ ಕೋಣೆಗೂ ಕೇಳಿಸುವುದಿಲ್ಲ. ಸದ್ದು ಸಾಲದು ಎಂದು ನಮ್ಮ ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಹಾಕಿಸಿದರು. ನಾನು ಸದ್ದೇ ಬೇಡ ಎಂದು ದುಡ್ಡು ಕೊಟ್ಟಿದ್ದೇನೆ. ಹೆಡ್‌ಫೋನ್ ಮಾತ್ರ ಕಿವಿ ಪೂರ್ತಿ ಮುಚ್ಚುವಂಥದ್ದು ಇರಲಿ. ‘ಇ’ ತಂತಿ ಸುಮಾರು 41 ಹರ್ಟ್ಸ್. ಫೋನಿನ ಸ್ಪೀಕರ್‌ಗೆ ಅದು ದಕ್ಕುವುದೇ ಇಲ್ಲ. ಕೆಳಗೆ ಮನೆಯವರಿದ್ದರೆ ಸ್ಟ್ಯಾಂಡ್ ಅಡಿಗೆ ದಪ್ಪ ಜಮಖಾನ ಹಾಸು, ಕಾಲಲ್ಲಿ ತಾಳ ಹಾಕಬೇಡ.

ಪ್ರಶ್ನೆ: ಪಿಟೀಲಿನ ಕಮಾನು ಇದಕ್ಕೆ ಆಗುತ್ತದಾ?
– ಪಿಟೀಲು ಕಲಿಯುವವರು, ಮೈಸೂರು

ಉತ್ತರ: ಆಗುವುದಿಲ್ಲ. ಬ್ಯಾಸಿನ ಕಮಾನು ಗಿಡ್ಡ, ಭಾರ ಜಾಸ್ತಿ. ಫ್ರೆಂಚ್, ಜರ್ಮನ್ ಎಂದು ಎರಡು ಬಗೆ. ಪಿಟೀಲು ಹಿಡಿದ ಕೈಗೆ ಫ್ರೆಂಚ್ ಬೇಗ ಒಗ್ಗುತ್ತದೆ. ಕಮಾನಿಗೆ ಸವರುವ ರೋಸಿನ್ ಕೂಡ ಬೇರೆಯೇ ಬೇಕು. ಪಿಟೀಲಿನದು ಗಟ್ಟಿ, ದಪ್ಪ ತಂತಿ ಹಿಡಿಯುವುದಿಲ್ಲ. ಬ್ಯಾಸಿನದು ಮೆತ್ತಗೆ, ಅಂಟು. ಏಪ್ರಿಲ್ ಬಿಸಿಲಿನಲ್ಲಿ ಅದನ್ನು ಕಾರಿನೊಳಗೆ ಬಿಡಬೇಡಿ, ಕರಗಿ ಬ್ಯಾಗಿಗೆಲ್ಲ ಮೆತ್ತಿಕೊಳ್ಳುತ್ತದೆ.