ರೈಲು ತೋರಿಸಿದ ಹೊಲ, ತೋರಿಸದ ಹೊಲ

ಓದುಗರ ಪತ್ರ: ವಿಲಿಯಂ ಹೆನ್ರಿ ಬಾರ್ನೆಬಿ ಎಂಬ ಇಂಗ್ಲಿಷ್ ಜಮೀನ್ದಾರರ 1883ರ ಪ್ರವಾಸದ ಬಗ್ಗೆ ಕಳೆದ ಸಂಚಿಕೆಯಲ್ಲಿ ಐದು ಪುಟ ಹಾಕಿದ್ದೀರಿ. ದುಡ್ಡಿದ್ದವರು, ರೈಲಿನಲ್ಲಿ ಕೂತು ಅಮೆರಿಕ, ಕೆನಡಾದ ಹೊಲ ನೋಡಿ ಬಂದರು. ಅವರಿಗೆ ರೈತರ ಕಷ್ಟ ಏನು ಗೊತ್ತು? ಇನ್ನೊಂದು ಮಾತು, ಅಲ್ಲಿನ ಕಪ್ಪು ಮಣ್ಣು ನಮ್ಮ ಎರೆಯಂಥದ್ದೇನಾ?
– ನವಲಗುಂದ ತಾಲ್ಲೂಕಿನ ರೈತ ಓದುಗರು

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಸಿಟ್ಟಿಗೆ ಅರ್ಥ ಇದೆ. ಆದರೂ ಆ ಲೇಖನ ಹಾಕಿದ್ದು ಸರಿ ಅಂತಲೇ ನನಗೆ ಅನ್ನಿಸುತ್ತದೆ.

ಆ ಕಾಲದಲ್ಲಿ ಹೀಗೆ ಹೋದವರೆಲ್ಲ ಸುಮ್ನೆ ಊರು ನೋಡಲು ಹೋಗಿರಲಿಲ್ಲ. 1879ರ ಬೇಸಿಗೆಯಲ್ಲಿ ಇಂಗ್ಲೆಂಡಿನಲ್ಲಿ ಮಳೆ ನಿಲ್ಲಲೇ ಇಲ್ಲ, ಗೋಧಿ ಹಾಳಾಯಿತು. ಮೊದಲೆಲ್ಲ ಬೆಳೆ ಕಡಿಮೆಯಾದರೆ ಬೆಲೆಯಾದರೂ ಏರುತ್ತಿತ್ತು, ರೈತ ಹೇಗೋ ಉಸಿರು ಹಿಡಿಯುತ್ತಿದ್ದ. ಆ ವರ್ಷ ಬೆಳೆಯೂ ಹೋಯಿತು, ಬೆಲೆಯೂ ಏರಲಿಲ್ಲ. ಅಮೆರಿಕದ ಗೋಧಿ ಹಡಗು ತುಂಬಿ ಬಂದು ಇಳಿಯುತ್ತಿತ್ತು. ಬೆಲೆ ಇಳಿಯುತ್ತಲೇ ಹೋಗಿ 1894ರಲ್ಲಿ ಒಂದು ಕ್ವಾರ್ಟರ್‌ಗೆ (ಅಲ್ಲಿನ ಧಾನ್ಯದ ಅಳತೆ) 22 ಶಿಲಿಂಗ್ 10 ಪೆನ್ಸ್‌ಗೆ ಬಂತು. ಗೇಣಿಯ ಮೇಲೆ ಬದುಕುವ ಜಮೀನ್ದಾರನಿಗೆ ಇದು ಮನೆ ಬಾಗಿಲಿಗೆ ಬಂದ ಬೆಂಕಿ. 1879ರಲ್ಲೇ ಸರ್ಕಾರದ ಕೃಷಿ ಆಯೋಗ ಕ್ಲೇರ್ ಸ್ಯೂಯೆಲ್ ರೀಡ್, ಆಲ್ಬರ್ಟ್ ಪೆಲ್ ಎಂಬ ಇಬ್ಬರನ್ನು ಅಮೆರಿಕಕ್ಕೆ ಕಳಿಸಿತ್ತು. ಅಂಥ ವರ್ಷಗಳಲ್ಲಿ ಬಾರ್ನೆಬಿಯಂಥ ಹಿಯರ್‌ಫರ್ಡ್‌ಶೈರ್‌ನ ಜಮೀನ್ದಾರರೊಬ್ಬರು ಅಲ್ಲಿ ಏನು ಬೆಳೆಯುತ್ತದೆ, ಹೇಗೆ ಬೆಳೆಯುತ್ತದೆ ಅಂತ ಸ್ವತಃ ನೋಡಿ ಬರೆದಿಟ್ಟರೆ, ಆ ಟಿಪ್ಪಣಿಗೆ ಬೆಲೆ ಇದೆ. ಹೊಟ್ಟೆಪಾಡಿನ ಭಯ ಇರುವವನ ಕಣ್ಣು ಚುರುಕಾಗಿರುತ್ತದೆ.

ಆದರೆ ನೀವು ಮುಟ್ಟಿದ ಜಾಗ ಸರಿಯಾಗಿದೆ. ಯಾವ ಹೊಲ ನೋಡಬೇಕು ಅನ್ನುವುದನ್ನು ರೈಲೇ ತೀರ್ಮಾನ ಮಾಡುತ್ತಿತ್ತು. ಇದನ್ನು ಲೇಖನದಲ್ಲಿ ಇನ್ನೂ ಬಿಡಿಸಿ ಹೇಳಬೇಕಿತ್ತು, ಆ ಕೊರತೆ ನಮ್ಮದು.

ಅಲ್ಲಿ ರೈಲು ಕಂಪನಿಯೇ ದೊಡ್ಡ ಜಮೀನುದಾರ. ಕೆನಡಿಯನ್ ಪೆಸಿಫಿಕ್‌ಗೆ ಸರ್ಕಾರ ಎರಡೂವರೆ ಕೋಟಿ ಡಾಲರ್ ಜೊತೆಗೆ ಎರಡೂವರೆ ಕೋಟಿ ಎಕರೆ ನೆಲ ಕೊಟ್ಟಿತ್ತು. ಹಳಿಯ ಎರಡೂ ಬದಿ 24 ಮೈಲಿವರೆಗೆ 640 ಎಕರೆಯ ಚೌಕಗಳು, ಒಂದು ಬಿಟ್ಟು ಒಂದು ಕಂಪನಿಯವು. ಅದನ್ನು ಮಾರಬೇಕು, ಕೊಂಡವರು ಬೆಳೆಯಬೇಕು, ಆ ಬೆಳೆ ಮತ್ತೆ ಅದೇ ರೈಲಿಗೆ ಬರಬೇಕು. ಹೀಗಿರುವಾಗ ದುಡ್ಡಿರುವ ಪ್ರವಾಸಿಗೆ ಕಂಪನಿ ಯಾವ ಹೊಲ ತೋರಿಸುತ್ತದೆ ಹೇಳಿ?

ಅಮೆರಿಕದ ಡಕೋಟಾದ ಭಾರೀ ಗೋಧಿ ಹೊಲಗಳ ಕಥೆಯೂ ಅಷ್ಟೇ. 1873ರಲ್ಲಿ ನಾರ್ದರ್ನ್ ಪೆಸಿಫಿಕ್ ಎಂಬ ರೈಲು ಕಂಪನಿ ಹಣದ ಮುಗ್ಗಟ್ಟಿಗೆ ಸಿಕ್ಕಿತು. ಅದರ ಬಾಂಡ್ (ಸಾಲಪತ್ರ) ಹಿಡಿದವರಿಗೆ ದುಡ್ಡಿನ ಬದಲು ಜಮೀನು ಸಿಕ್ಕಿತು. ಅವರು ಆಲಿವರ್ ಡಾಲ್ರಿಂಪಲ್ ಎಂಬವರನ್ನು ಕರೆದು ಕ್ಯಾಸಲ್ಟನ್ ಹತ್ತಿರ ಸಾವಿರಾರು ಎಕರೆ ಒಟ್ಟಿಗೆ ಉಳುಮೆ ಮಾಡಿಸಿದರು. ಕೊಯ್ಯುವ ಯಂತ್ರಗಳು ಸಾಲಾಗಿ ಒಂದರ ಹಿಂದೆ ಒಂದು ಹೋಗುವ ದೃಶ್ಯ ಪತ್ರಿಕೆಗಳಲ್ಲಿ ಬಂತು. ನೋಡಿದವರು ಬೆರಗಾದರು. ಆ ಯಂತ್ರ ಓಡಿಸಿದವರಿಗೆ ಬಿತ್ತನೆಗೆ ಒಂದಿಷ್ಟು ವಾರ, ಕೊಯ್ಲಿಗೆ ಒಂದಿಷ್ಟು ವಾರ ಕೂಲಿ. ಉಳಿದ ದಿನ ಅವರ ದಾರಿ ಅವರದು.

ಹಳಿಯಿಂದ ದೂರದ ರೈತ ಬೇರೆಯೇ. ಆಗ ಕೆನಡಾದಲ್ಲಿ 10 ಡಾಲರ್ ಕಟ್ಟಿದರೆ 160 ಎಕರೆ ಸಿಗುತ್ತಿತ್ತು. ಮೂರು ವರ್ಷ ಅಲ್ಲೇ ಇದ್ದು ಉಳಬೇಕಿತ್ತು. ಮರವಿಲ್ಲದ ಬಯಲಿನಲ್ಲಿ ಮನೆ ಕಟ್ಟಲು ಏನಿದೆ? ಹುಲ್ಲು ಸಮೇತ ನೆಲವನ್ನೇ ನೇಗಿಲಿನಿಂದ ಪಟ್ಟಿ ಪಟ್ಟಿಯಾಗಿ ಸೀಳಿ, ಹುಲ್ಲಿನ ಮುಖ ಕೆಳಗೆ ಮಾಡಿ ಇಟ್ಟಿಗೆಯಂತೆ ಪೇರಿಸುತ್ತಿದ್ದರು. ಮಳೆ ಹೊರಗೆ ನಿಂತ ಮೇಲೂ ಚಾವಣಿ ಸೋರುತ್ತಲೇ ಇರುತ್ತಿತ್ತು. ನಿಮ್ಮೂರಿನ ಮಣ್ಣಿನ ಮಾಳಿಗೆ ಮನೆಯಲ್ಲಿ ಮಳೆಗಾಲ ಕಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಲೆಯ ಮೇಲಿನ ಪಾತ್ರೆಗೂ ಕೆಸರು ಬೀಳುವಾಗ ಅಡುಗೆ ಮಾಡಿದ ಹೆಂಗಸರು ಇಂಥ ಪ್ರವಾಸಿಗಳ ಕಣ್ಣಿಗೆ ಬಿದ್ದಿದ್ದೇ ಕಡಿಮೆ.

ಇನ್ನೂ ದೊಡ್ಡ ಮೌನ ಒಂದಿದೆ. ಆ ಬಯಲು ಖಾಲಿ ಇರಲಿಲ್ಲ. ಅದು ಕ್ರೀ, ಸೋಟೊ, ಅಸಿನಿಬೊಯಿನ್ ಎಂಬ ಮೂಲನಿವಾಸಿ ಜನರ ನೆಲ. 1874ರಲ್ಲಿ ಕಪೆಲ್ ಎಂಬಲ್ಲಿ ಸರ್ಕಾರಕ್ಕೂ ಅವರಿಗೂ ಒಪ್ಪಂದ ಆಯಿತು. ಕೆಲವೇ ವರ್ಷದಲ್ಲಿ ಅವರ ಅನ್ನವಾಗಿದ್ದ ಕಾಡೆಮ್ಮೆ ಹಿಂಡುಗಳೇ ಮುಗಿದುಹೋದವು. ಹಸಿದ ಜನ ಮೀಸಲು ನೆಲದಲ್ಲಿ ಪಡಿತರಕ್ಕೆ ಕಾಯುತ್ತಿದ್ದ ವರ್ಷಗಳಲ್ಲೇ ಈ ರೈಲುಗಳು ಪ್ರವಾಸಿಗಳನ್ನು ಹೊತ್ತು ಓಡುತ್ತಿದ್ದವು. ಇದನ್ನು ಬರೆಯುವಾಗ ನನಗೆ ಸಂಕಟ ಆಗುತ್ತದೆ. ಈ ಮಾತಿಲ್ಲದೆ ಅಲ್ಲಿನ ಗೋಧಿಯ ಕಥೆ ಪೂರ್ತಿ ಆಗುವುದಿಲ್ಲ, ಅಲ್ವಾ? ಮುಂದಿನ ಸಂಚಿಕೆಯಲ್ಲಿ ಈ ಜನರ ಬಗ್ಗೆ ಬೇರೆ ಲೇಖನವೇ ಬರುತ್ತದೆ.

ಇನ್ನು ನಿಮ್ಮ ಮಣ್ಣಿನ ಪ್ರಶ್ನೆ. ಇದು ನನಗೆ ತುಂಬಾ ಖುಷಿ ಕೊಟ್ಟಿತು. ಹೌದು, ಡಕೋಟಾದಿಂದ ಕೆನಡಾವರೆಗೆ ಹಬ್ಬಿದ ರೆಡ್ ರಿವರ್ ಕಣಿವೆಯ ಜಿಗಟು ಮಣ್ಣಿನಲ್ಲಿ ಹೆಚ್ಚಿನ ಭಾಗ ನಮ್ಮ ಎರೆಯ ಕುಟುಂಬದ್ದೇ. ಮಣ್ಣು ವಿಜ್ಞಾನಿಗಳು ಎರಡನ್ನೂ ವರ್ಟಿಸಾಲ್ ಅನ್ನುತ್ತಾರೆ. ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಕೆನಡಾದ ವಿನ್ನಿಪೆಗ್ ಕಡೆಯವರು ಅದನ್ನು 'ಗಂಬೊ' ಅಂತ ಕರೆಯುತ್ತಾರೆ. ಮಳೆ ಬಂದರೆ ಗಾಡಿಯ ಚಕ್ರಕ್ಕೆ ಮೆತ್ತಿಕೊಂಡು ಬಿಡುವುದೇ ಇಲ್ಲ. ನಾವು ಚಪ್ಪಲಿ ಕೈಯಲ್ಲಿ ಹಿಡಿದು ಹೊಲ ದಾಟುವ ಹಾಗೆಯೇ. ಬಿತ್ತನೆ ಮಾತ್ರ ಬೇರೆ. ನೀವು ಮಳೆಯ ಹಸಿ ನಂಬಿ ಹಿಂಗಾರಿಗೆ ಗೋಧಿ ಬಿತ್ತುತ್ತೀರಿ. ಅವರು ಹೆಪ್ಪುಗಟ್ಟಿದ ನೆಲ ಕರಗುವವರೆಗೆ ಕಾದು ವಸಂತದಲ್ಲಿ ಬಿತ್ತಿ, ಮತ್ತೆ ಚಳಿ ಬೀಳುವುದರೊಳಗೆ ಕೊಯ್ದು ಮುಗಿಸಬೇಕು.